ಹಿಪ್ಪರಗೆಯ ಕೆರೆಯ ದಂಡೆಯಲ್ಲಿ ಒಂದು ದಿನ

ನಮ್ಮ ಸೀಮೆಗೆ ಕಡಲಿಲ್ಲ. ಪಶ್ಚಿಮ ಸಮುದ್ರವು ಸೊಲ್ಲಾಪುರದಿಂದ ೨೫೦ ಕಿಲೋಮೀಟರಿಗೂ ದೂರವಿದ್ದು, ನಡುವೆ ಸಹ್ಯಾದ್ರಿಯು ಗೋಡೆಯಂತೆ ನಿಂತಿದೆ. ಮುಂಗಾರು ಮೋಡಗಳ ನೀರನ್ನು ಆ ಗೋಡೆಯೇ ಬಹುಮಟ್ಟಿಗೆ ಇಳಿಸಿಕೊಳ್ಳುವುದರಿಂದ, ದಾಟಿ ಬಂದ ಉಳಿಕೆಯ ಮಳೆಯಷ್ಟೇ ನಮ್ಮ ಪಾಲು. ಅದೂ ಹೆಚ್ಚಾಗಿ ಬೀಳುವುದು ಸೆಪ್ಟೆಂಬರ ತಿಂಗಳಲ್ಲಿ. ಆದುದರಿಂದ ಶರದೃತುವೆಂದರೆ ನಮಗೆ ಬೆಳದಿಂಗಳ ಕಾಲ ಮಾತ್ರವಲ್ಲ; ವರ್ಷದ ನೀರಿನ ಲೆಕ್ಕವನ್ನು ನೋಡುವ ಕಾಲ. ಆ ಲೆಕ್ಕವನ್ನು ಕಣ್ಣಾರೆ ಕಾಣಬೇಕೆಂದು ಅಕ್ಟೋಬರ ತಿಂಗಳ ಒಂದು ರವಿವಾರ ನಾವು ಹಿಪ್ಪರಗೆಯ ಕೆರೆಗೆ ಕಾಲ್ನಡಿಗೆಯಲ್ಲಿ ಹೋದೆವು. ಅಕ್ಕಲಕೋಟೆಯ ಮಕ್ಕಳು ಹಿಂದಿನ ಸಂಜೆಯೇ ಬಂದು ಸೊಲ್ಲಾಪುರದಲ್ಲಿ ತಂಗಿದ್ದರು.

ಬೆಳಗಿನ ಆರು ಗಂಟೆಗೆ ಸಿದ್ಧೇಶ್ವರ ದೇವಾಲಯದ ಕೆರೆಯ ಬಳಿ ಸೇರಿದೆವು. ಸೊಲ್ಲಾಪುರವು ಹಿಂದೆ ಸೊನ್ನಲಿಗೆ ಎನಿಸಿಕೊಂಡಿತ್ತು. ಹನ್ನೆರಡನೆಯ ಶತಮಾನದಲ್ಲಿ ಇಲ್ಲಿದ್ದ ಶಿವಯೋಗಿ ಸಿದ್ಧರಾಮರು ವಚನಕಾರರೆಂದು ಎಲ್ಲರಿಗೂ ಗೊತ್ತು. ಆದರೆ ಅವರು ಜನರನ್ನು ಕೂಡಿಸಿಕೊಂಡು ಕೆರೆಯನ್ನು ಕಟ್ಟಿಸಿದ ಕರ್ಮಯೋಗಿಯೂ ಹೌದು. ರಾಘವಾಂಕ ಕವಿಯು ಅವರ ಚರಿತ್ರೆಯನ್ನೇ ಕಾವ್ಯವಾಗಿ ಬರೆದಿದ್ದಾನೆ. ಮಳೆ ಕಡಿಮೆಯಾದ ನಾಡಿನಲ್ಲಿ ಕೆರೆ ಕಟ್ಟುವುದು ದೊಡ್ಡ ಪುಣ್ಯವೆಂದು ನಮ್ಮ ಹಿರಿಯರು ಬಗೆದುದರ ಅರ್ಥ ಮುಂದಿನ ದಾರಿಯಲ್ಲಿ ನಮಗೆ ತಿಳಿಯುವುದಿತ್ತು.

ಹಿಪ್ಪರಗೆಯು ತುಳಜಾಪುರದ ರಸ್ತೆಯಲ್ಲಿ ಸುಮಾರು ಎಂಟು ಕಿಲೋಮೀಟರ ದೂರದಲ್ಲಿದೆ. ಸೀಗೆ ಹುಣ್ಣಿಮೆಯ ಹೊತ್ತಿಗೆ ಸಾವಿರಾರು ಭಕ್ತರು ಅಂಬಾಭವಾನಿಯ ದರ್ಶನಕ್ಕಾಗಿ ಬರಿಗಾಲಲ್ಲಿ ನಡೆದು ಹೋಗುವ ದಾರಿಯಿದು. ಕರ್ನಾಟಕದಿಂದಲೂ ಜನರು ಬರುತ್ತಾರೆ. ಇಕ್ಕೆಲಗಳ ಹೊಲಗಳಲ್ಲಿ ತೊಗರಿ ಹೂವಾಡುತ್ತಿತ್ತು. ಬದುಗಳಲ್ಲಿ ತಂಗಡಿಯ ಹಳದಿ ಹೂಗಳಿದ್ದವು. ಒಂದೆಡೆ ರೈತರು ಹಿಂಗಾರಿ ಜೋಳವನ್ನು ಬಿತ್ತುತ್ತಿದ್ದರು. “ಮಳೆಗಾಲ ಮುಗಿಯುತ್ತಿರುವಾಗ ಬಿತ್ತಿದರೆ ಬೆಳೆ ಏನನ್ನು ಕುಡಿಯುವುದು?” ಎಂದು ಒಬ್ಬ ಹುಡುಗನು ಕೇಳಿದನು. ಒಂದು ಹಿಡಿ ಎರೆಮಣ್ಣನ್ನು ಎತ್ತಿ ಅವನ ಅಂಗೈಯಲ್ಲಿಟ್ಟೆವು. ಹಿಸುಕಿದರೆ ಅದು ಉಂಡೆಯಾಗಿ ನಿಂತಿತು. ಆರೂವರೆ ಕೋಟಿ ವರ್ಷಗಳಿಗೂ ಹಿಂದೆ ಹರಿದ ಲಾವಾರಸವು ಕರಿಕಲ್ಲಾಗಿ, ಆ ಕಲ್ಲು ಕಾಲಾಂತರದಲ್ಲಿ ಕರಗಿ ಆದ ಮಣ್ಣಿದು. ಇದರ ಕಣಗಳು ಅತಿ ಸೂಕ್ಷ್ಮವಾದುದರಿಂದ ನೀರನ್ನು ಬಹುಕಾಲ ಹಿಡಿದಿಡುತ್ತವೆ. ಅದೇ ತೇವದಿಂದ ಜೋಳವು ತೆನೆಗಟ್ಟುವುದು. ಹೀಗೆ ಹೊಲವೂ ಒಂದು ಕೆರೆಯೇ. ಕಣ್ಣಿಗೆ ಕಾಣದ ಕೆರೆ.

ಒಂಬತ್ತು ಗಂಟೆಗೆ ಏರಿಯ ಮೇಲೆ ನಿಂತೆವು. ಮಕ್ಕಳೆಲ್ಲ ಒಮ್ಮೆಲೆ ಸುಮ್ಮನಾದರು. ಅವರಲ್ಲಿ ಅನೇಕರು ಇಷ್ಟೊಂದು ನೀರನ್ನು ಒಂದೆಡೆ ಕಂಡಿರಲಿಲ್ಲ. ಏಕರೂಖ ಎಂದೂ ಕರೆಯಲಾಗುವ ಈ ಕೆರೆಯನ್ನು ಆದಿಲಾ ಎಂಬ ಚಿಕ್ಕ ಹೊಳೆಗೆ ಅಡ್ಡಲಾಗಿ ಕಟ್ಟಿ ೧೮೭೧ರಲ್ಲಿ ಪೂರ್ತಿಗೊಳಿಸಿದರು. ಮಣ್ಣಿನ ಏರಿಯು ಎರಡು ಕಿಲೋಮೀಟರಿಗೂ ಮಿಕ್ಕಿ ಉದ್ದವಾಗಿದ್ದು, ಸುಮಾರು ೨೧ ಮೀಟರ ಎತ್ತರವಿದೆ. ಇದಾದ ಐದೇ ವರ್ಷಕ್ಕೆ, ೧೮೭೬ರಲ್ಲಿ, ದಕ್ಷಿಣ ಭಾರತವನ್ನೆಲ್ಲ ನಡುಗಿಸಿದ ಮಹಾಕ್ಷಾಮವು ಬಂದಿತು. ಕೆರೆಯ ಅಂಗಗಳು ಮೂರು: ನೀರನ್ನು ತಡೆಯುವುದು ಏರಿ, ಬೇಕಾದಷ್ಟನ್ನು ಕಾಲುವೆಗೆ ಬಿಡುವುದು ತೂಬು, ಹೆಚ್ಚಾದುದನ್ನು ಅಪಾಯವಿಲ್ಲದೆ ಹೊರಕ್ಕೆ ಹರಿಸುವುದು ಕೋಡಿ. ಕೋಡಿಯಿಲ್ಲದ ಕೆರೆ ತನ್ನ ನೀರಿನಿಂದಲೇ ಒಡೆಯುವುದು.

ದಂಡೆಗುಂಟ ನಡೆಯುವಾಗ ಬಾಲವನ್ನು ಮೇಲೆ ಕೆಳಗೆ ಕುಣಿಸುವ ಕುಂಡೆಕುಸ್ಕ ಹಕ್ಕಿಗಳು ಕಂಡವು. ಉತ್ತರದ ಚಳಿನಾಡುಗಳಿಂದ ಅವು ಈ ದಿನಗಳಲ್ಲಿಯೇ ಬರುತ್ತವೆ. ಚಳಿ ಬಲಿತಾಗ ಹಿಮಾಲಯವನ್ನು ದಾಟಿ ಪಟ್ಟೆತಲೆಯ ಹೆಬ್ಬಾತುಗಳೂ ಇಲ್ಲಿಗೆ ಬರುವುದುಂಟು.

ನೆರಳಿನಲ್ಲಿ ಕುಳಿತು ಜೋಳದ ರೊಟ್ಟಿ, ಶೇಂಗಾ ಚಟ್ನಿಯನ್ನು ಉಣ್ಣುತ್ತಿರುವಾಗ ಅಕ್ಕಲಕೋಟೆಯ ಕಡೆಯ ಹಳ್ಳಿಯ ಹುಡುಗಿಯೊಬ್ಬಳು ಕೇಳಿದಳು: “ಈಗ ನಮ್ಮ ಬಾವಿಯೂ ತುಂಬಿದೆ. ಏಪ್ರಿಲಿನಲ್ಲಿ ಅದು ಬತ್ತಿ, ಅವ್ವ ಕೊಡ ಹೊತ್ತು ದೂರ ಹೋಗುತ್ತಾಳೆ. ನೀರು ಎಲ್ಲಿಗೆ ಹೋಗುತ್ತದೆ?”

ಉತ್ತರವನ್ನು ಎಲ್ಲರೂ ಕೂಡಿ ಹುಡುಕಿದೆವು. ಕೆರೆಯ ನೀರನ್ನು ಮೊದಲು ಕುಡಿಯುವವನು ಸೂರ್ಯ. ಬೇಸಗೆಯ ಉರಿಯಲ್ಲಿ ಒಂದು ದಿನಕ್ಕೆ ಸುಮಾರು ಒಂದು ಸೆಂಟಿಮೀಟರ ನೀರು ಆವಿಯಾಗುತ್ತದೆ. ಒಂದು ಹೆಕ್ಟೇರ ಎಂದರೆ ೧೦,೦೦೦ ಚದರ ಮೀಟರ. ಅದರ ಮೇಲಿನ ಒಂದು ಸೆಂಟಿಮೀಟರ ನೀರು ೧೦೦ ಘನ ಮೀಟರ, ಅಂದರೆ ೧,೦೦,೦೦೦ ಲೀಟರ. ದಿನಕ್ಕೆ ತಲೆಗೆ ೫೦ ಲೀಟರಿನಂತೆ ೨,೦೦೦ ಜನರಿಗೆ ಸಾಲುವ ನೀರು! ಬಾವಿಯ ಕಥೆ ಬೇರೆ. ನಮ್ಮ ಕರಿಕಲ್ಲು ಗಟ್ಟಿ. ಅದರ ಬಿರುಕುಗಳಲ್ಲಿಯೂ ಮೇಲಿನ ಶಿಥಿಲವಾದ ಪದರಿನಲ್ಲಿಯೂ ಮಾತ್ರ ನೀರು ನಿಲ್ಲುತ್ತದೆ. ಆ ಕೊಡ ಚಿಕ್ಕದು. ಸುತ್ತಲಿನ ಬಾವಿಗಳೆಲ್ಲ ಅದರಿಂದಲೇ ಎತ್ತುತ್ತವೆ. ಕಬ್ಬಿನಂಥ ವರ್ಷವಿಡೀ ನೀರು ಬೇಡುವ ಬೆಳೆಗೆ ಎತ್ತಿದಷ್ಟೂ ಅದು ಬೇಗ ಬರಿದಾಗುವುದು.

ಸಂಜೆ ಬಸ್ಸಿನಲ್ಲಿ ಹಿಂದಿರುಗುವಾಗ ನಕಾಶೆಯನ್ನು ತೆರೆದೆವು. ಆದಿಲೆಯು ಸೀನಾ ನದಿಯನ್ನು ಸೇರುತ್ತದೆ. ಸೀನೆಯು ಕೂಡಲದಲ್ಲಿ ಭೀಮೆಯನ್ನು. ಅಕ್ಕಲಕೋಟೆಯ ಬೋರಿ ನದಿಯೂ ಭೀಮೆಗೇ ಹೋಗುವುದು. ಭೀಮೆ ರಾಯಚೂರಿನ ಹತ್ತಿರ ಕೃಷ್ಣೆಯನ್ನು ಕೂಡಿ ಬಂಗಾಲ ಉಪಸಾಗರಕ್ಕೆ ಇಳಿಯುತ್ತಾಳೆ. ಕಡಲಿಲ್ಲದ ನಮ್ಮ ನಾಡಿನ ನೀರೂ ಕಡಲಿಗೇ ಹೋಗುತ್ತದೆ; ನಡುವೆ ಅದನ್ನು ಕೆಲಕಾಲ ನಿಲ್ಲಿಸಿಕೊಳ್ಳುವುದಷ್ಟೇ ನಮ್ಮ ಕೆಲಸ.

ಆ ಹುಡುಗಿ ಮನೆಗೆ ಹೋಗಿ ಒಂದು ಹಗ್ಗಕ್ಕೆ ಮೊಳಕ್ಕೊಂದರಂತೆ ಗಂಟು ಹಾಕಿ, ತುದಿಗೆ ಕಲ್ಲು ಕಟ್ಟಿದಳು. ಪ್ರತಿ ತಿಂಗಳ ಮೊದಲನೆಯ ದಿನ ತಂದೆಯ ಜೊತೆಯಲ್ಲಿ ನಿಂತು ಬಾವಿಯ ನೀರನ್ನು ಅಳೆದು ಬರೆದಿಟ್ಟಳು. ಫೆಬ್ರುವರಿಯಲ್ಲಿ ಆ ಪುಟವನ್ನು ನೋಡಿದ ತಂದೆ ಕಬ್ಬು ನೆಡುವ ಯೋಚನೆಯನ್ನು ಈ ವರ್ಷ ಕೈಬಿಟ್ಟರೆಂದು ತಿಳಿದುಬಂದಿದೆ. ಏಪ್ರಿಲಿನ ಅಳತೆಯನ್ನು ನೋಡಲು ನಾವೆಲ್ಲರೂ ಕಾದಿದ್ದೇವೆ.

ಅಭ್ಯಾಸ

೧. ನಿಮ್ಮ ಊರಿನ ಕೆರೆ ಅಥವಾ ಹಳ್ಳದ ನೀರು ಯಾವ ನದಿಯನ್ನು ಸೇರುವುದು? ನಕಾಶೆಯಲ್ಲಿ ಗುರುತಿಸಿರಿ.

೨. ಐದು ಹೆಕ್ಟೇರಿನ ಕೆರೆಯಿಂದ ಹತ್ತು ಬೇಸಗೆಯ ದಿನಗಳಲ್ಲಿ ಎಷ್ಟು ಲೀಟರ ನೀರು ಆವಿಯಾಗುವುದು?

೩. ಹಿರಿಯರ ಜೊತೆಯಲ್ಲಿ ನಿಮ್ಮ ಬಾವಿಯ ನೀರನ್ನು ಪ್ರತಿ ತಿಂಗಳು ಅಳೆದು ಬರೆದಿಡಿರಿ.