20 ಬಾರ್ ಮೆಷಿನ್ನೂ ನಮ್ಮ ಮೈದುನನ ಹಟವೂ

ಡಬ್ಬದ ಮೇಲೆ ‘20 ಬಾರ್’ ಅಂತ ದಪ್ಪಕ್ಷರದಲ್ಲಿ ಅಚ್ಚು ಹಾಕಿರುತ್ತಾರಲ್ಲ, ಮೊದಲು ಅದನ್ನು ತಲೆಯಿಂದ ತೆಗೆದುಹಾಕಿ. ಎಸ್ಪ್ರೆಸೊಗೆ ಬೇಕಾದದ್ದು ಸುಮಾರು 9 ಬಾರ್ ಒತ್ತಡ. 20 ಅನ್ನುವುದು ಒಳಗಿನ ಪಂಪು ಹೆಚ್ಚೆಂದರೆ ಎಷ್ಟು ಒತ್ತಬಲ್ಲದು ಅನ್ನುವ ಲೆಕ್ಕ, ಅಷ್ಟೆ. ಅಷ್ಟೂ ಒತ್ತಡ ಪುಡಿಯ ಮೇಲೆ ಬಿದ್ದರೆ ಕಾಫಿ ಕಹಿಯಾಗುತ್ತದೆಯೇ ಹೊರತು ರುಚಿಯಾಗುವುದಿಲ್ಲ. ಇದನ್ನೆಲ್ಲ ಓದಿಕೊಂಡೇ ನಾನು ಜಯನಗರದ ಅಂಗಡಿಗೆ ಹೋಗಿದ್ದು. ಸೇಲ್ಸ್ ಹುಡುಗನನ್ನು ಕೇಳಿಯೂ ಕೇಳಿದೆ: “ಒಂಬತ್ತು ಸಾಕು ಅಂದ್ಮೇಲೆ ಇಪ್ಪತ್ತು ಯಾಕಪ್ಪ?”

“ಪವರ್ ಜಾಸ್ತಿ ಮೇಡಂ.”

ಪಕ್ಕದಲ್ಲಿದ್ದ ಮೈದುನ ತಲೆಯಾಡಿಸಿದ. ಅಲ್ಲಿಗೆ ನನ್ನ ಮಾತು ಬಿತ್ತು.

ಮನೆಗೆ ಇಂಥದ್ದೊಂದು ಬರಲೇಬೇಕು ಅಂತ ತೀರ್ಮಾನ ಮಾಡಿದವನೂ ಅವನೇ. ನ್ಯೂಜೆರ್ಸಿಯಲ್ಲಿದ್ದಾನೆ, ಡಿಸೆಂಬರ್ ರಜೆಗೆ ಬರುತ್ತಾನೆ, ಬಂದಾಗಲೆಲ್ಲ ನಮ್ಮ ಜೆ.ಪಿ. ನಗರದ ಮನೆಯಲ್ಲಿ ಏನಾದರೊಂದನ್ನು ಸುಧಾರಿಸಿ ಹೋಗುತ್ತಾನೆ. ಪುಣ್ಯಕ್ಕೆ ಮೆಷಿನ್ನನ್ನು ಅಲ್ಲಿಂದ ಹೊತ್ತು ತರಲಿಲ್ಲ. ಹಾಗೆ ತರಿಸಿಕೊಂಡವರು ನಮ್ಮ ಅಪಾರ್ಟ್‌ಮೆಂಟಿನಲ್ಲೇ ಇದ್ದಾರೆ. ಅಮೆರಿಕದ ಮೆಷಿನ್ 120 ವೋಲ್ಟಿನದು, ನಮ್ಮದು 230. ನೇರ ಸಿಕ್ಕಿಸಿದರೆ ಸುಟ್ಟುಹೋಗುತ್ತದೆ. 1,500 ವ್ಯಾಟ್ ಎಳೆಯುವ ಯಂತ್ರಕ್ಕೆ ತಡೆಯುವ ಟ್ರಾನ್ಸ್‌ಫಾರ್ಮರ್ ತಂದರೆ ಅಡುಗೆಕಟ್ಟೆಯಲ್ಲಿ ಕಾಫಿ ಲೋಟ ಇಡಲೂ ಜಾಗ ಉಳಿಯುವುದಿಲ್ಲ. ಇಷ್ಟಾದರೂ ‘ಅಲ್ಲಿ ಅರ್ಧ ರೇಟು’ ಅಂತ ತರಿಸುವವರು ತರಿಸುತ್ತಲೇ ಇದ್ದಾರೆ.

ಅಂಗಡಿಯಲ್ಲಿ ನಾನು ಇನ್ನೊಂದು ಮಾತೂ ಹೇಳಿದೆ: ಮೊದಲು ಗ್ರೈಂಡರ್ ನೋಡೋಣ, ಆಮೇಲೆ ಮೆಷಿನ್. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮಗ ಮೊಬೈಲಿನಲ್ಲಿ ರೇಟಿಂಗ್ ನೋಡುತ್ತಿದ್ದ. ನಮ್ಮೆಜಮಾನ್ರು ಪಾರ್ಕಿಂಗ್ ಚಿಂತೆಯಲ್ಲಿದ್ದರು. ಮೈದುನ ಮಾತ್ರ “ಅತ್ತಿಗೆ, ಪುಡಿ ಅಂಗಡೀಲೇ ಮಾಡಿಕೊಡ್ತಾರಲ್ಲ!” ಅಂತ ನಕ್ಕ.

ಕೊಡುತ್ತಾರೆ, ಇಲ್ಲ ಅನ್ನುವುದಿಲ್ಲ. ಅದೇ ತೊಂದರೆ. ದಕ್ಷಿಣ ಬೆಂಗಳೂರಿನ ಮನೆಗಳಲ್ಲಿ ಕಾಫಿ ಅಂದರೆ ಪುಡಿ. ಬೀಜವನ್ನು ಮನೆಗೆ ತರುವ ಅಭ್ಯಾಸವೇ ನಮಗೆ ತಪ್ಪಿಹೋಗಿದೆ. ಜಯನಗರ ನಾಲ್ಕನೇ ಬ್ಲಾಕಿನಲ್ಲೋ ಗಾಂಧಿ ಬಜಾರಿನಲ್ಲೋ ಅಂಗಡಿ ಮುಂದೆ ನಿಂತು “ಪೀಬರಿ ಅರ್ಧ, ಪ್ಲಾಂಟೇಶನ್ ಎ ಅರ್ಧ, ಚಿಕೋರಿ ಇಪ್ಪತ್ತು” ಅಂದರೆ ಕಣ್ಣೆದುರೇ ಅರೆದು, ಬೆಚ್ಚಗಿನ ಪೊಟ್ಟಣ ಕೈಗಿಡುತ್ತಾರೆ. ಫಿಲ್ಟರಿಗೆ ಅದಕ್ಕಿಂತ ಇನ್ನೇನು ಬೇಕು? ಫಿಲ್ಟರ್ ತಾಳ್ಮೆಯ ವಸ್ತು. ಪುಡಿ ಒಂದಿಷ್ಟು ಹೆಚ್ಚುಕಮ್ಮಿಯಾದರೂ ರಾತ್ರಿಯಿಡೀ ತೊಟ್ಟಿಕ್ಕಿ ಬೆಳಿಗ್ಗೆಗೆ ಡಿಕಾಕ್ಷನ್ ಕೊಡುತ್ತದೆ. ಎಸ್ಪ್ರೆಸೊ ಹಾಗಲ್ಲ. 18 ಗ್ರಾಂ ಪುಡಿಯಿಂದ 36 ಗ್ರಾಂ ಕಾಫಿ 25ರಿಂದ 30 ಸೆಕೆಂಡಿನೊಳಗೆ ಇಳಿಯಬೇಕು. ಹತ್ತೇ ಸೆಕೆಂಡಿಗೆ ಸುರಿದುಹೋದರೆ ಹುಳಿ ನೀರು, ಮುಕ್ಕಾಲು ನಿಮಿಷ ಎಳೆದರೆ ಬಾಯಿ ಒಗರು. ಇದನ್ನು ಸರಿಮಾಡುವ ತಿರುಪು ಮೆಷಿನ್ನಿನಲ್ಲಿಲ್ಲ, ಗ್ರೈಂಡರಿನಲ್ಲಿದೆ. ಇವತ್ತಿನ ಬೀಜಕ್ಕೆ ಸರಿಹೋದ ನುಣುಪು ಮುಂದಿನ ವಾರಕ್ಕೆ ಒಂದು ಗೀಟು ಬದಲಾಗಬೇಕಾಗುತ್ತದೆ. ಅಂಗಡಿಯವರು ಅರೆದುಕೊಟ್ಟ ಕಾಲು ಕಿಲೋ ಪುಡಿಯನ್ನು ನೀವು ಹೇಗೆ ಬದಲಾಯಿಸುತ್ತೀರಿ?

ಇದು ನನಗೆ ವಿಡಿಯೋ ನೋಡಿ ಗೊತ್ತಾದದ್ದಲ್ಲ. ನಮ್ಮಪ್ಪ ಮೂಡಿಗೆರೆ ಕಡೆಯ ಎಸ್ಟೇಟೊಂದರಲ್ಲಿ ರೈಟರಾಗಿದ್ದರು, ಅಂದರೆ ಲೆಕ್ಕ ಬರೆಯುವವರು. ಬೆಳೆಯನ್ನೆಲ್ಲ ಕಾಫಿ ಬೋರ್ಡಿನ ಪೂಲ್‌ಗೇ ಒಪ್ಪಿಸಬೇಕಾಗಿದ್ದ ಕಾಲ ಅದು. ಮನೆಬಳಕೆಗೆ ಅಂತ ಸಿಗುತ್ತಿದ್ದ ಬೀಜವನ್ನು ಅಮ್ಮ ಒಲೆಯ ಮೇಲೆ ಹುರಿಯುತ್ತಿದ್ದರು. ಬೆಂಚಿನ ಅಂಚಿಗೆ ಬಿಗಿದ ಕಬ್ಬಿಣದ ಕೈಮಿಲ್ಲು ನನ್ನ ಪಾಲಿಗೆ. ತಿರುಪು ಅರ್ಧ ಸುತ್ತು ಹೆಚ್ಚು ಬಿಗಿದರೆ ಬೆಳಿಗ್ಗೆ ಫಿಲ್ಟರಿನ ಮೇಲ್ಭಾಗದಲ್ಲಿ ನೀರು ಹಾಗೇ ನಿಂತಿರುತ್ತಿತ್ತು. ಸಡಿಲಾದರೆ ಡಿಕಾಕ್ಷನ್ನಿಗೆ ಬಣ್ಣವೇ ಇಲ್ಲ. ಬೈಗುಳ ತಿಂದು ಕಲಿತ ವಿದ್ಯೆ. ಮೂಡಿಗೆರೆ ಕಡೆಯ ರೊಬಸ್ಟಾ ಬೀಜ ಮಂಗಳೂರಿನಲ್ಲಿ ಹಡಗು ಹತ್ತಿ ಇಟಲಿಗೆ ಹೋಗುತ್ತದೆ. ಭಾರತದ ಕಾಫಿಯನ್ನು ಅತಿ ಹೆಚ್ಚು ಕೊಳ್ಳುವ ದೇಶವೇ ಇಟಲಿ. ಅವರ ಎಸ್ಪ್ರೆಸೊ ಮೇಲಿನ ಕೆನೆನೊರೆಗೆ ರೊಬಸ್ಟಾ ಬೇಕು. ಅಂದರೆ ಕಾಫಿ ನಮ್ಮದೇ, ಕಲಿಯಬೇಕಾದದ್ದು ಯಂತ್ರದ ಸಂಗತಿ ಮಾತ್ರ. ಇದನ್ನು ಮೈದುನನಿಗೆ ಹೇಳಿದರೆ, “ಅತ್ತಿಗೆ, ನೀವು ಇನ್ನೂ ಮೂಡಿಗೆರೇಲೇ ಇದ್ದೀರ.”

ಸರಿ, 20 ಬಾರ್ ಬಂತು. ಜೊತೆಗೆ ಬಂದ ಜಾಲರಿ ಬಟ್ಟಲಿಗೆ ಎರಡು ತಳ. ಹೊರತಳಕ್ಕೆ ಸೂಜಿಮೊನೆಯಷ್ಟು ಒಂದೇ ತೂತು. ಪುಡಿ ಹೇಗಿದ್ದರೂ ಆ ತೂತೇ ಒತ್ತಡ ಕಟ್ಟಿ ನೊರೆ ಬರಿಸುತ್ತದೆ. ನೋಡುವವರಿಗೆ ಚೆಂದ, ಕುಡಿದರೆ ಗೊತ್ತಾಗುತ್ತದೆ. ಅದರಲ್ಲೇ ಎರಡು ಮೂರು ವಾರ ಎಲ್ಲರೂ ಸಂಭ್ರಮಪಟ್ಟರು. ನಾನು ಬಾಯಿ ಬಿಡಲಿಲ್ಲ.

ಬೀಗರು ಬಂದ ಭಾನುವಾರ ನಡೆದದ್ದನ್ನು ಹೇಳಲೇಬೇಕು. ಆಗ ಅವರಿನ್ನೂ ಬೀಗರಾಗಿರಲಿಲ್ಲ, ಆಗಬೇಕಾದವರು. ಬನಶಂಕರಿ ಎರಡನೇ ಹಂತದವರು. ಮಗನಿಗೆ ನೋಡಿದ್ದ ಹುಡುಗಿಯ ಅಪ್ಪ, ಅಮ್ಮ, ಸೋದರಮಾವ. ಉಪ್ಪಿಟ್ಟು, ಕೇಸರಿಭಾತು ಆಗಿತ್ತು. ನಾನು ಬೆಳಿಗ್ಗೆಯೇ ಗಟ್ಟಿ ಡಿಕಾಕ್ಷನ್ ಇಳಿಸಿಟ್ಟಿದ್ದೆ. ಹಾಲು ಕಾಯಿಸಲು ಗ್ಯಾಸ್ ಹಚ್ಚಿದ್ದೇ ತಡ, ಮೈದುನ ಒಳಗೆ ಬಂದ. “ಅತ್ತಿಗೆ, ನೀವು ಕೂತ್ಕೊಳ್ಳಿ. ಇವತ್ತು ಕಾಫಿ ನಂದು.”

ಎಸ್ಪ್ರೆಸೊ ಪುಡಿ ಅಂತ ತಂದಿದ್ದ ಪೊಟ್ಟಣ ಹಿಂದಿನ ದಿನವೇ ಮುಗಿದಿತ್ತು. ಅವನು ಮೇಲಿನ ಶೆಲ್ಫಿನಿಂದ ನಮ್ಮ ಸ್ಟೀಲ್ ಡಬ್ಬ ಇಳಿಸಿದ. ಎಪ್ಪತ್ತು–ಮೂವತ್ತರ ಪುಡಿ, ಅಂದರೆ ನೂರಕ್ಕೆ ಮೂವತ್ತು ಭಾಗ ಚಿಕೋರಿ. “ಅದನ್ನ ಹಾಕಬೇಡಪ್ಪ, ಚಿಕೋರಿ ಇದೆ, ಕಟ್ಕೊಳ್ಳತ್ತೆ” ಅಂದೆ. ಚಿಕೋರಿ ಕಾಫಿಯಲ್ಲ, ಬೇರು ಹುರಿದು ಪುಡಿ ಮಾಡಿದ್ದು. ಬಿಸಿನೀರು ತಾಗಿದ್ದೇ ಅಂಟಂಟಾಗುತ್ತದೆ. ಅವನು ಬಟ್ಟಲು ತುಂಬಿಸಿ, ಹೆಬ್ಬೆರಳಿನಲ್ಲಿ ಒತ್ತಿ, ಬಟ್ಟಲಿನ ಹಿಡಿಯನ್ನು ಮೆಷಿನ್ನಿಗೆ ತಿರುಗಿಸಿ ಕೂರಿಸಿ, ಗುಂಡಿ ಒತ್ತಿದ.

ಪಂಪು ಗುರ್ ಅಂತು. ಲೋಟಕ್ಕೆ ಎರಡು ಹನಿ ಕರೀ ಎಣ್ಣೆಯಂಥದ್ದು ಬಿತ್ತು, ನಿಂತಿತು. ಸದ್ದು ದಪ್ಪಗಾಗುತ್ತಾ ಹೋಯಿತು, ಕಟ್ಟೆಯ ಮೇಲಿನ ಚಮಚಗಳು ಅದುರಿದವು. ಹೊರಗಿನಿಂದ ಸೋದರಮಾವ “ಏನು, ಹಿಟ್ಟಿನ ಗಿರಣೀನಾ?” ಅಂದದ್ದು ಕೇಳಿಸಿತು. ಮೈದುನ ಆರಿಸಿ ಮತ್ತೆ ಒತ್ತಿದ. ಇನ್ನೂ ಒಂದು ಸಲ. ಒಂದು ಹನಿಯೂ ಇಲ್ಲ. ಆಮೇಲೆ ಅವನ ಕೈ ಹಿಡಿಯ ಕಡೆ ಹೋಯಿತು.

“ತಾಳು, ಮುಟ್ಟಬೇಡ, ಒತ್ತಡ ಇಳೀಲಿ,” ಅಂದೆ. ಕೂಗಿಯೇ ಹೇಳಿದೆ. ಮನೆಯ ಕುಕ್ಕರಿನಲ್ಲಿ ಇರುವುದು ಒಂದು ಬಾರಿನಷ್ಟು ಒತ್ತಡ. ಅದು ಇಳಿಯದೆ ಮುಚ್ಚಳಕ್ಕೆ ಕೈ ಹಾಕಿದರೆ ಏನಾಗುತ್ತದೆ ಅಂತ ಯಾವ ಹೆಂಗಸಿಗೂ ಹೇಳಿಕೊಡಬೇಕಾಗಿಲ್ಲ. ಇಲ್ಲಿ ಅದರ ಎಷ್ಟೋ ಪಟ್ಟು ಒಳಗೆ ಸಿಕ್ಕಿಹಾಕಿಕೊಂಡಿದೆ, ಹೊರಹೋಗಲು ದಾರಿ ಇಲ್ಲ. ಇವನು ಎಂಜಿನಿಯರು. “ಏನಾಗಲ್ಲ ಅತ್ತಿಗೆ,” ಅಂದವನೇ ಹಿಡಿಯನ್ನು ಎಡಕ್ಕೆ ತಿರುಗಿಸಿದ.

ಢಬ್.

ಕುದಿಯುವ ಕಾಫಿಗಸಿ ಬೀಸಣಿಗೆಯಾಕಾರಕ್ಕೆ ಹಾರಿತು. ಅವನ ಬಿಳಿ ಜುಬ್ಬ, ಮುಂಗೈ, ಟೈಲ್ಸು, ಮೇಲಿನ ಚಿಮಣಿ, ಮುಚ್ಚದೆ ಇಟ್ಟಿದ್ದ ಕೇಸರಿಭಾತು, ಎಲ್ಲದರ ಮೇಲೂ ಕರಿ ಚುಕ್ಕೆ. ಹಿಡಿ ಕೈತಪ್ಪಿ ಗ್ರಾನೈಟಿನ ಅಂಚಿಗೆ ಬಡಿದು ನೆಲಕ್ಕೆ ಬಿತ್ತು. ನಾನು ಅವನ ಕೈಯನ್ನೆಳೆದು ಸಿಂಕಿನ ನಲ್ಲಿ ಕೆಳಗೆ ಹಿಡಿದೆ. ಅವನು ಕೈ ಹಿಂದಕ್ಕೆಳೆಯುತ್ತಿದ್ದ, ನಾನು ಬಿಡಲಿಲ್ಲ. ಸುಟ್ಟ ಕಡೆಗೆ ತಣ್ಣೀರು ಹದಿನೈದು ಇಪ್ಪತ್ತು ನಿಮಿಷವಾದರೂ ಬೀಳಬೇಕು. ನಮ್ಮೆಜಮಾನ್ರು ಟೂತ್‌ಪೇಸ್ಟ್ ಹಿಡಿದು ಓಡಿಬಂದರು. ಅದನ್ನು ಕಿತ್ತು ಬದಿಗಿಟ್ಟೆ. ಅಷ್ಟರಲ್ಲಿ ಬಾಗಿಲಲ್ಲಿ ಬೀಗಿತ್ತಿ. ಮೈಸೂರು ಸಿಲ್ಕಿನ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಾತಿಲ್ಲದೆ, ನೆಲದ ಗಸಿ ಒರೆಸಲು ಬಟ್ಟೆ ಹುಡುಕತೊಡಗಿದರು. ಆವತ್ತೇ ಅಂದುಕೊಂಡೆ, ಈ ಸಂಬಂಧ ಆಗುತ್ತದೆ ಅಂತ. ಮುಂಗೈಯ ಗುಳ್ಳೆ ವಾರದಲ್ಲಿ ಒಣಗಿತು. ಅವನು ನ್ಯೂಜೆರ್ಸಿಗೆ ಹೋದ ಮೇಲೆ ಬಂಧುಬಳಗಕ್ಕೆಲ್ಲ ಹೇಳಿದ್ದು, ‘ಅತ್ತಿಗೆ ಮನೆ ಪುಡಿ ಸರಿಯಿಲ್ಲ’ ಅಂತ.

ಈ ಅವಘಡ ತಪ್ಪಿಸುವ ಭಾಗವೊಂದಿದೆ: ಮೂರು ದಾರಿಯ ಸೊಲೆನಾಯ್ಡ್ ವಾಲ್ವ್. ಪಂಪು ನಿಂತ ಕ್ಷಣ ಪುಡಿಯ ಮೇಲಿನ ಒತ್ತಡವನ್ನು ಕೆಳಗಿನ ತಟ್ಟೆಗೆ ಬಿಟ್ಟುಬಿಡುತ್ತದೆ. ಅಗ್ಗದ ಮೆಷಿನ್‌ಗಳಲ್ಲಿ ಅನೇಕಕ್ಕೆ ಇದು ಇರುವುದಿಲ್ಲ, ಡಬ್ಬದ ಮೇಲೂ ಬರೆದಿರುವುದಿಲ್ಲ. ಕೇಳಿ ತಿಳಿದುಕೊಳ್ಳಬೇಕು. ನಾನು ಕೇಳಿದಾಗ ಆ ಸೇಲ್ಸ್ ಹುಡುಗ “ಅದು ಹೋಟೆಲ್ ಮೆಷಿನ್‌ಗೆ ಮಾತ್ರ ಮೇಡಂ” ಅಂದಿದ್ದ. ಸುಳ್ಳು.

ಆಮೇಲೆ ನೀರು. ನಮ್ಮ ಕಡೆ ಕಾವೇರಿ ನೀರು ಬರುವ ದಿನ ಸಂಪ್‌ಗೆ ಬಿದ್ದು ಬೋರ್‌ವೆಲ್ ನೀರಿನ ಜೊತೆ ಬೆರೆಯುತ್ತದೆ. 2024ರ ಬೇಸಿಗೆ ನೆನಪಿದೆಯಲ್ಲ, ಬೋರ್‌ವೆಲ್‌ಗಳೇ ಬತ್ತಿ, ಟ್ಯಾಂಕರ್‌ನವರು ಬಾಯಿಗೆ ಬಂದ ರೇಟು ಹೇಳುತ್ತಿದ್ದದ್ದು. ಆ ತಿಂಗಳುಗಳಲ್ಲಿ ಬಂದ ನೀರಿಗೆ ಗೀಸರ್ ಕಾಯಿಲೇ ಬೆಳ್ಳಗೆ ಕಟ್ಟಿಕೊಂಡಿತು. ಕೂದಲೆಳೆಯಷ್ಟು ಸಣ್ಣ ಕೊಳವೆಗಳಿರುವ ಮೆಷಿನ್ ಎಷ್ಟು ದಿನ ತಡೆದೀತು? ಜೂನ್ ಹೊತ್ತಿಗೆ ಆವಿ ಬರುವ ನಳಿಕೆ ಮುಚ್ಚಿಹೋಯಿತು, ನೀರು ಬಿಸಿಯಾಗುವುದೂ ನಿಂತಿತು. ವಾರಂಟಿ ಇತ್ತು. ಸರ್ವೀಸ್ ಸೆಂಟರಿನ ಮ್ಯಾನೇಜರ್ ಒಳಗಿನ ಬಿಳಿ ಪೊರೆಯನ್ನು ಟಾರ್ಚ್ ಹಾಕಿ ತೋರಿಸಿದ.

“ಗಡಸು ನೀರು ಮೇಡಂ. ಇದು ವಾರಂಟಿಗೆ ಬರಲ್ಲ.”

“ಬೆಂಗಳೂರಲ್ಲಿ ಮಾರಿದ್ದೀರಿ. ಬೆಂಗಳೂರಿನ ನೀರು ಹೀಗೇ ಅಂತ ನಿಮಗೆ ಗೊತ್ತಿರಲಿಲ್ವಾ?”

“ಪುಸ್ತಕದಲ್ಲಿ ಬರೆದಿದೆ.”

“ಯಾವ ಪುಟದಲ್ಲಿ?”

ಅವನು ಹುಡುಕಿದ. ಕೊನೆಯ ಹಾಳೆಯ ಹಿಂಬದಿ, ಇರುವೆ ಸಾಲಿನಷ್ಟು ಅಕ್ಷರದಲ್ಲಿ ಇತ್ತು. ಮೂವತ್ತು ವರ್ಷ ಬ್ಯಾಂಕಿನಲ್ಲಿ ಸಾಲಪತ್ರ ಓದಿದವಳು ನಾನು. ಆ ಪುಸ್ತಕವನ್ನು ನನಗೆ ಓದಲು ಬಿಡದೆ “ಆಪ್‌ನಲ್ಲಿ ಎಲ್ಲಾ ಇದೆ” ಅಂತ ಡಬ್ಬದ ಸಮೇತ ಅಟ್ಟಕ್ಕೆ ಎಸೆದವನು ಯಾರು ಅಂತ ಮತ್ತೆ ಹೇಳಬೇಕಾಗಿಲ್ಲ. ಮ್ಯಾನೇಜರ್ ಹೇಳಿದ ರಿಪೇರಿ ಖರ್ಚಿನಲ್ಲಿ ಒಳ್ಳೆಯ ಗ್ರೈಂಡರೇ ಬರುತ್ತಿತ್ತು. ಹಾಗಾಗಿ ಗ್ರೈಂಡರನ್ನೇ ತಂದೆ.

ಈಗ ನೀರಿನ ವಿಷಯದಲ್ಲಿ ನಾನು ಮಾಡುವುದು ಇಷ್ಟು. ಎಲ್ಲರ ಮನೆಯಲ್ಲೂ ಇರುವ ಟಿಡಿಎಸ್ ಪೆನ್ನನ್ನು ನಂಬುವುದಿಲ್ಲ, ಅದು ನೀರಿನಲ್ಲಿ ಕರಗಿದ್ದನ್ನೆಲ್ಲ ಒಟ್ಟಿಗೆ ಅಳೆಯುತ್ತದೆಯೇ ಹೊರತು ಗಡಸುತನವನ್ನೇ ಬೇರೆಯಾಗಿ ಹೇಳುವುದಿಲ್ಲ. ಮೀನಿನ ತೊಟ್ಟಿಯ ಸಾಮಾನು ಮಾರುವ ಅಂಗಡಿಯಲ್ಲಿ ಹನಿ ಹಾಕಿ ನೋಡುವ ಕಿಟ್ ಸಿಗುತ್ತದೆ, ಅದು ಸಾಕು. ಬರೀ ಆರ್‌ಒ ನೀರು ಹಾಕಿದರೆ ಕಾಫಿ ಸಪ್ಪೆ, ಅದಕ್ಕೆ ಸ್ವಲ್ಪ ಶೋಧಿಸಿದ ಕಾವೇರಿ ನೀರು ಬೆರೆಸುತ್ತೇನೆ. ಒಳಗೆ ಪೊರೆ ಕಟ್ಟದ ಹಾಗೆ ಆಗಾಗ ನಿಂಬೆ ಉಪ್ಪು ಕರಗಿಸಿದ ನೀರು ಹರಿಸಿ, ಆಮೇಲೆ ಒಳ್ಳೆಯ ನೀರಿನಲ್ಲಿ ತೊಳೆಯುವುದು. ಬಾಯ್ಲರ್ ಅಲ್ಯೂಮಿನಿಯಂನದಾಗಿದ್ದರೆ ಮೊದಲು ಪುಸ್ತಕ ನೋಡಿ.

ಎರಡನೇ ಮೆಷಿನ್ ಆರಿಸಿದ್ದು ನಾನೊಬ್ಬಳೇ, ಯಾರನ್ನೂ ಜೊತೆಗೆ ಕರೆದುಕೊಂಡು ಹೋಗಲಿಲ್ಲ. ಗ್ಯಾಜಿಯಾ ಕ್ಲಾಸಿಕ್. 58 ಮಿಲಿಮೀಟರಿನ ಬಟ್ಟಲು, ಹೋಟೆಲಿನವರು ಬಳಸುವ ಅಳತೆಯೇ, ಬಿಡಿಭಾಗಕ್ಕೆ ಪರದಾಡಬೇಕಾಗಿಲ್ಲ. ಸೊಲೆನಾಯ್ಡ್ ಇದೆ. ತೆರೆಯಿಲ್ಲ, ಆಪ್ ಇಲ್ಲ, ಮೂರು ಸ್ವಿಚ್ಚು. ಕೆನೆನೊರೆಯ ಎಸ್ಪ್ರೆಸೊವನ್ನು ಜಗತ್ತಿಗೆ ಕೊಟ್ಟ ಮಿಲಾನಿನ ಅಕಿಲೆ ಗ್ಯಾಜಿಯಾನ ಹೆಸರಿನದು. ಅವನ ಸನ್ನೆಗೋಲಿನ ಯಂತ್ರ ಬಂದದ್ದು 1948ರಲ್ಲಿ. ಕೊರತೆಯೂ ಇದೆ: ಬಾಯ್ಲರ್ ಒಂದೇ. ಕಾಫಿ ಇಳಿಸಿ, ಆವಿಗೆ ಕಾದು, ಮತ್ತೆ ಕಾಫಿಗೆ ತಣಿಸಬೇಕು. ಆರು ಜನ ಒಟ್ಟಿಗೆ ಬಂದರೆ ಫಿಲ್ಟರೇ ಗತಿ. ಎರಡು ಬಾಯ್ಲರಿನವು ಇವೆ, ದುಡ್ಡಿದ್ದವರು ನೋಡಬಹುದು. ಬೆಂಚು ಸಣ್ಣದಾಗಿದ್ದವರಿಗೆ ಗ್ರೈಂಡರ್ ಒಳಗೇ ಕೂತಿರುವ ಮೆಷಿನ್‌ಗಳೂ ಸಿಗುತ್ತವೆ. ಒಂದು ಕೆಟ್ಟರೆ ಎರಡೂ ಸರ್ವೀಸ್ ಸೆಂಟರಿಗೆ ಹೋಗುತ್ತವೆ ಅನ್ನುವುದನ್ನು ಮರೆಯಬೇಡಿ. ಗ್ರೈಂಡರ್ ಕೈಯಲ್ಲಿ ತಿರುಗಿಸುವಂಥದ್ದೇ ಆದರೂ ಪರವಾಗಿಲ್ಲ, ಎಸ್ಪ್ರೆಸೊಗೆ ಆಗುವಷ್ಟು ಸಣ್ಣ ಸಣ್ಣ ಗೀಟು ಇರಬೇಕು. ಮಿಕ್ಸಿಯಲ್ಲಿ ಆಗುವುದಿಲ್ಲ, ಅರ್ಧ ಹಿಟ್ಟು, ಅರ್ಧ ನುಚ್ಚು.

ಜಯನಗರ, ಬನಶಂಕರಿಯ ಹಳೇ ಮನೆಗಳವರು ಅಡುಗೆಮನೆಯ 5 ಆಂಪ್ ಪ್ಲಗ್ಗಿಗೆ ಎಸ್ಪ್ರೆಸೊ ಮೆಷಿನ್ನನ್ನು ಸಿಕ್ಕಿಸಬೇಡಿ. 1,450 ವ್ಯಾಟಿನ ಮೆಷಿನ್ನಾದರೆ ಆರು ಆಂಪಿನ ಮೇಲೆ ಎಳೆಯುತ್ತದೆ. ಯುಪಿಎಸ್ ಲೈನಿಗಂತೂ ಬೇಡವೇ ಬೇಡ. ಬೀಜ ಕೊಳ್ಳುವಾಗ ಹುರಿದ ತಾರೀಕು ನೋಡಿ. ತಾರೀಕೇ ಇಲ್ಲದ ಪೊಟ್ಟಣ ಬಿಟ್ಟು ಬನ್ನಿ.

ಇಷ್ಟೆಲ್ಲ ಮಾಡಿದರೂ ನಮ್ಮೆಜಮಾನ್ರು ಒಪ್ಪಿಲ್ಲ. ನೊರೆ ಹಾಲು 60–65 ಡಿಗ್ರಿಗಿಂತ ಬಿಸಿಯಾದರೆ ಅದರ ಸಿಹಿ ಹೋಗುತ್ತದೆ. ಅವರಿಗೋ ಡಬರದಿಂದ ಲೋಟಕ್ಕೆ ಎತ್ತಿ ಸುರಿದರೂ ನಾಲಿಗೆ ಸುಡಬೇಕು. “ಆರಿದ ಕಾಫಿ ಕುಡಿಯೋಕೆ ಇಷ್ಟು ದುಡ್ಡು ಕೊಡಬೇಕಿತ್ತೇನೇ?” ಅನ್ನುತ್ತಾರೆ. ಅವರಂಥವರು ಮನೆಯಲ್ಲಿದ್ದರೆ ಮೆಷಿನ್ ತರುವ ಮೊದಲು ಅವರಿಗೆ ಎಲ್ಲಾದರೂ ಒಂದು ಕ್ಯಾಪುಚೀನೊ ಕುಡಿಸಿ ನೋಡಿ, ಉತ್ತರ ಅಲ್ಲೇ ಸಿಗುತ್ತದೆ.

ಮಗನ ಮದುವೆಯಾಯಿತು, ಅದೇ ಬನಶಂಕರಿಯ ಸಂಬಂಧ. ಸೊಸೆ ಟೀ ಕುಡಿಯುವವಳು. ಮೈದುನ ಮೊನ್ನೆ ಫೋನ್ ಮಾಡಿ, ಈ ಡಿಸೆಂಬರಿಗೆ ಬರುವಾಗ ಮನೆಯಲ್ಲೇ ಬೀಜ ಹುರಿಯುವ ಮೆಷಿನ್ ತರುತ್ತೇನೆ ಅಂದ. ಎಷ್ಟು ವೋಲ್ಟಿನದು ಅಂತ ಕೇಳಿದೆ. ನೋಡಿ ಹೇಳ್ತೀನಿ ಅಂದಿದ್ದಾನೆ.