ಮುದ್ದೆಯ ಜೊತೆ ಕಾಳೂ ಇರಲಿ

ಕನಕಪುರ ತಾಲ್ಲೂಕಿನ ದೊಡ್ಡಆಲಹಳ್ಳಿ ಕಡೆಯವರಿಗೆ ರಾಗಿಮುದ್ದೆ, ಹುರುಳಿಕಾಳಿನ ಬಸ್ಸಾರು ಹೊಸತಲ್ಲ. ಈ ಊಟದಲ್ಲಿ ದೇಹಕ್ಕೆ ಸಿಗುವುದೇನು?

100 ಗ್ರಾಂ ರಾಗಿಯಲ್ಲಿ ಸುಮಾರು 72 ಗ್ರಾಂ ಶರ್ಕರಪಿಷ್ಟ, 7 ಗ್ರಾಂ ಸಸಾರಜನಕ, ಅಂದರೆ ಪ್ರೋಟೀನು ಇರುತ್ತದೆ. ಪಿಷ್ಟವು ಗ್ಲೂಕೋಸ್ ಕಣಗಳ ಸರಪಳಿ. ಜೀರ್ಣವಾದಾಗ ಅದು ಬಿಡಿಬಿಡಿಯಾಗಿ ರಕ್ತ ಸೇರಿ, ದುಡಿಯಲು ಶಕ್ತಿ ಕೊಡುತ್ತದೆ. ಪ್ರೋಟೀನು ಅಮೈನೋ ಆಮ್ಲಗಳ ಸರಪಳಿ. ಸ್ನಾಯು, ಕಿಣ್ವಗಳ ರಚನೆಗೆ ಅದೇ ಆಧಾರ. 20 ಅಮೈನೋ ಆಮ್ಲಗಳ ಪೈಕಿ 9 ಆಹಾರದಿಂದಲೇ ಬರಬೇಕು. ರಾಗಿಯಲ್ಲಿ ಲೈಸೀನ್ ಕಡಿಮೆ, ಮೆಥಿಯೋನೀನ್ ಹೆಚ್ಚು; ಹುರುಳಿಯಲ್ಲಿ ಇದಕ್ಕೆ ತದ್ವಿರುದ್ಧ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ.

ಆದರೆ ಕಾಳನ್ನು ಬಸಿದಾಗ ಪ್ರೋಟೀನಿನ ಬಹುಪಾಲು ಕಾಳಿನಲ್ಲೇ ಉಳಿಯುತ್ತದೆ. ಮಕ್ಕಳಿಗೆ ಬರೀ ತಿಳಿಸಾರು ಬಡಿಸಿದರೆ ಹೊಟ್ಟೆ ತುಂಬಿದರೂ ಬೆಳವಣಿಗೆ ಕುಂಠಿತವಾಗಬಹುದು. ಬಸಿದ ಕಾಳಿನ ಪಲ್ಯವನ್ನೂ ತಪ್ಪದೆ ಬಡಿಸಿ. ಚಿಕ್ಕ ಮಕ್ಕಳಿಗೆ ಕಾಳನ್ನು ನುಣ್ಣಗೆ ಹಿಸುಕಿ ಕೊಡಿ.