ಸಾಗರವನ್ನು ಗೋಡೆಗೆ ತಂದ ಚಿತ್ರಕಾರ

ಕಣ್ಣಿಗೆ ಕಾಣದುದರ ಮೇಲೆ ಮನುಷ್ಯನಿಗೆ ಮಮತೆ ಹುಟ್ಟುವುದು ಕಷ್ಟ. ಕಾಡು ಕಡಿದರೆ ಬೋಳು ಗುಡ್ಡ ಕಾಣುತ್ತದೆ. ಕೆರೆ ಬತ್ತಿದರೆ ಬಿರಿದ ನೆಲ ಕಾಣುತ್ತದೆ. ಸಮುದ್ರದ ವಿಷಯ ಹಾಗಲ್ಲ. ಅದರ ಒಡಲಲ್ಲಿ ಏನು ನಡೆದರೂ ಮೇಲೆ ಅದೇ ಅಲೆ, ಅದೇ ನೀಲಿ. ಆದುದರಿಂದಲೇ ಸಾಗರಜೀವಿಗಳ ನಾಶವು ಬಹುಕಾಲ ಹೆಚ್ಚಿನವರ ಗಮನಕ್ಕೆ ಬಾರದೆ ನಡೆಯಿತು. ಆ ಮರೆಯನ್ನು ಸರಿಸಲು ಬಣ್ಣವನ್ನು ಕೈಗೆತ್ತಿಕೊಂಡವರಲ್ಲಿ ಅಮೆರಿಕದ ರಾಬರ್ಟ್ ವೈಲ್ಯಾಂಡ್ ಒಬ್ಬರು. ಅವರ ಜೀವನವನ್ನೂ ಕೆಲಸವನ್ನೂ ಸಂಕ್ಷೇಪವಾಗಿ ಪರಿಚಯಿಸಿ, ಚಿತ್ರದಿಂದ ಸಮುದ್ರಕ್ಕೇನು ಪ್ರಯೋಜನವೆಂಬ ಪ್ರಶ್ನೆಗೆ ನನಗೆ ತೋರಿದ ಉತ್ತರವನ್ನು ಹೇಳುವುದೇ ಈ ಲೇಖನದ ಉದ್ದೇಶ.

ವೈಲ್ಯಾಂಡರು ಹುಟ್ಟಿದ್ದು 1956ರಲ್ಲಿ, ಮಿಚಿಗನ್ ಸಂಸ್ಥಾನದ ಡೆಟ್ರಾಯಿಟ್ ಪ್ರದೇಶದಲ್ಲಿ. ಅದು ಮೋಟಾರು ಕಾರ್ಖಾನೆಗಳ ನಾಡು. ಸಮುದ್ರವು ಅಲ್ಲಿಂದ ನೂರಾರು ಮೈಲಿಗಳಾಚೆ. ಹುಟ್ಟುವಾಗಲೇ ಪಾದ ತಿರುಚಿಕೊಂಡಿದ್ದುದರಿಂದ ಬಾಲ್ಯದಲ್ಲಿ ಅನೇಕ ಶಸ್ತ್ರಚಿಕಿತ್ಸೆಗಳಿಗೆ ಒಳಗಾಗಬೇಕಾಯಿತು. 1971ರಲ್ಲಿ, ಹದಿನಾಲ್ಕರ ಹರೆಯದಲ್ಲಿ, ಕುಟುಂಬದವರೊಡನೆ ಕ್ಯಾಲಿಫೋರ್ನಿಯದ ಲಗೂನಾ ಬೀಚ್ ಎಂಬ ಕಡಲತೀರದ ಊರಿಗೆ ಹೋದಾಗ, ದಡದಿಂದ ಅನತಿದೂರದಲ್ಲಿ ಬೂದು ತಿಮಿಂಗಿಲಗಳು ಸಾಗಿಹೋಗುವುದನ್ನು ಅವರು ಕಂಡರು. ಅವರ ಮುಂದಿನ ಬಾಳಿನ ದಿಕ್ಕನ್ನು ನಿಶ್ಚಯಿಸಿದ್ದು ಆ ದರ್ಶನವೇ.

ಆ ಪ್ರಾಣಿಯ ಚರಿತ್ರೆಯನ್ನು ತಿಳಿಯದೆ ಆ ದರ್ಶನದ ಬೆಲೆ ಅರ್ಥವಾಗದು. ಬೂದು ತಿಮಿಂಗಿಲದ ಉದ್ದ ಸುಮಾರು 40ರಿಂದ 45 ಅಡಿ. ಬೇಸಗೆಯಲ್ಲಿ ಅದು ಉತ್ತರಧ್ರುವದ ಸಮೀಪದ ಕಡಲುಗಳಲ್ಲಿ ತಳದ ಕೆಸರನ್ನು ಸೋಸಿ ಸಣ್ಣ ಜೀವಿಗಳನ್ನು ತಿನ್ನುತ್ತದೆ; ಚಳಿಗಾಲಕ್ಕೆ ಮೆಕ್ಸಿಕೋದ ಬಾಹಾ ಕ್ಯಾಲಿಫೋರ್ನಿಯದ ಬೆಚ್ಚನೆಯ ಹಿನ್ನೀರುಗಳಿಗೆ ಬಂದು ಮರಿಹಾಕುತ್ತದೆ. ಹೋಗಿಬರುವ ದಾರಿ ಹತ್ತು ಸಾವಿರ ಮೈಲಿಗೂ ಮಿಕ್ಕದ್ದು. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಬೇಟೆಗಾರರು ಆ ಹಿನ್ನೀರುಗಳಿಗೇ ನುಗ್ಗಿ, ಮರಿಯೊಡನಿದ್ದ ತಾಯಿಗಳನ್ನು ಎಣ್ಣೆಗಾಗಿ ಕೊಂದರು. ಮರಿಯನ್ನು ಉಳಿಸಿಕೊಳ್ಳಲು ದೋಣಿಗಳ ಮೇಲೆರಗುತ್ತಿದ್ದ ಆ ತಾಯಿಗೆ ಅವರು ಇಟ್ಟ ಹೆಸರು ‘ಪಿಶಾಚಿ ಮೀನು’! ಅಟ್ಲಾಂಟಿಕ್ ಸಾಗರದ ಬೂದು ತಿಮಿಂಗಿಲಗಳಂತೂ ಅದಕ್ಕೆ ಮುಂಚೆಯೇ ನಿರ್ನಾಮವಾಗಿದ್ದುವು. 1937ರ ಅಂತರರಾಷ್ಟ್ರೀಯ ಒಪ್ಪಂದವು ಇವುಗಳ ಬೇಟೆಯನ್ನು ನಿಷೇಧಿಸಿತು. 1972ರಲ್ಲಿ ಅಮೆರಿಕವು ಸಾಗರದ ಸಸ್ತನಿಗಳ ರಕ್ಷಣೆಗಾಗಿ ಶಾಸನ ಮಾಡಿತು. ಆ ಹುಡುಗನು ಕಂಡದ್ದು ಹೀಗೆ ಮೃತ್ಯುಮುಖದಿಂದ ಹಿಂತಿರುಗುತ್ತಿದ್ದ ಒಂದು ಸಂತತಿಯನ್ನು.

ಡೆಟ್ರಾಯಿಟಿನ ಕಲಾಶಾಲೆಯಲ್ಲಿ ಅಭ್ಯಾಸಮಾಡಿ ವೈಲ್ಯಾಂಡರು ಲಗೂನಾ ಬೀಚಿಗೇ ಬಂದು ನೆಲೆಸಿದರು. ಮಾಮೂಲಿನ ಚಿತ್ರಪಟದ ಮೇಲೆ ತಿಮಿಂಗಿಲವನ್ನು ಬರೆದರೆ ಅದು ಮೀನಿನಷ್ಟಾಗುತ್ತದೆ. ಅದರ ಮುಖ್ಯ ಗುಣವಾದ ಗಾತ್ರವೇ ಮಾಯವಾಗುತ್ತದೆ. ಇದ್ದಷ್ಟೇ ದೊಡ್ಡದಾಗಿ ಬರೆಯಬೇಕಾದರೆ ಗೋಡೆಯೇ ಬೇಕು. ಊರಿನ ಅನುಮತಿ ಪಡೆಯಲು ವರ್ಷಗಟ್ಟಲೆ ಅಲೆದು, ಕೊನೆಗೆ 1981ರಲ್ಲಿ ಸುಮಾರು 140 ಅಡಿ ಉದ್ದದ ಗೋಡೆಯೊಂದರ ಮೇಲೆ ಬೂದು ತಿಮಿಂಗಿಲವನ್ನೂ ಅದರ ಮರಿಯನ್ನೂ ಜೀವಪ್ರಮಾಣದಲ್ಲಿ ಚಿತ್ರಿಸಿದರು. ಬೇಟೆಗಾರರು ಪಿಶಾಚಿ ಎಂದ ತಾಯಿಯನ್ನೇ ಮೊದಲ ಚಿತ್ರದಲ್ಲಿ ಮರಿಯೊಡನೆ ನಿಲ್ಲಿಸಿದ್ದು ಎಷ್ಟು ಉಚಿತವಾಗಿದೆ!

ಇಂತಹ ನೂರು ಗೋಡೆಗಳನ್ನು ಚಿತ್ರಿಸುವುದೆಂಬ ಸಂಕಲ್ಪವನ್ನು ಅವರು ತೊಟ್ಟರು. ಅದು ಈಡೇರಲು 27 ವರ್ಷಗಳು ಹಿಡಿದುವು. ಮೊದಲೇ ಗೆರೆ ಎಳೆದುಕೊಳ್ಳದೆ, ಬಣ್ಣ ಸಿಂಪಡಿಸುವ ಯಂತ್ರವನ್ನು ಹಿಡಿದು ನೇರವಾಗಿ ಗೋಡೆಯ ಮೇಲೆಯೇ ಬರೆಯುವುದು ಅವರ ಪದ್ಧತಿ. 1992ರಲ್ಲಿ ಲಾಂಗ್ ಬೀಚ್ ನಗರದ ದುಂಡಾದ ಸಭಾಭವನದ ಹೊರಗೋಡೆಯನ್ನೆಲ್ಲ ಕಡಲಾಗಿ ಮಾಡಿದರು; ಅದರ ಸುತ್ತಳತೆ 1,225 ಅಡಿ, ಎತ್ತರ 105 ಅಡಿ. ಜಗತ್ತಿನ ಅತಿ ದೊಡ್ಡ ಭಿತ್ತಿಚಿತ್ರವೆಂದು ಗಿನ್ನೆಸ್ ದಾಖಲೆಯಲ್ಲಿ ಅದು ಸೇರಿತು. 1993ರಲ್ಲಿ ಅಮೆರಿಕದ ಪೂರ್ವತೀರದುದ್ದಕ್ಕೂ ಸಂಚರಿಸಿ 17 ವಾರಗಳಲ್ಲಿ 17 ಗೋಡೆಗಳನ್ನು ಮುಗಿಸಿದರು. 1997ರಲ್ಲಿ ತಮ್ಮ ಹುಟ್ಟುನಾಡಿಗೆ ಹಿಂತಿರುಗಿ, ಡೆಟ್ರಾಯಿಟಿನ ಬ್ರಾಡರಿಕ್ ಗೋಪುರದ ಮೇಲೆ ತಿಮಿಂಗಿಲಗಳನ್ನು ಬರೆದರು. ನೂರನೆಯದು ಸಿದ್ಧವಾದುದು 2008ರಲ್ಲಿ, ಒಲಿಂಪಿಕ್ಸ್ ನಡೆದ ಬೀಜಿಂಗಿನಲ್ಲಿ.

ಬಣ್ಣದಿಂದಷ್ಟೇ ಕೆಲಸ ಮುಗಿಯದೆಂಬುದನ್ನು ಅವರು ಅರಿಯದವರಲ್ಲ. 1993ರಲ್ಲಿ ತಮ್ಮ ಹೆಸರಿನ ಪ್ರತಿಷ್ಠಾನವೊಂದನ್ನು ಸ್ಥಾಪಿಸಿದರು. ಅಮೆರಿಕದ ನಗರಗಳಲ್ಲಿ ಯಾವುದರ ನಿವಾಸಿಗಳು ಹೆಚ್ಚಾಗಿ ನೀರುಳಿತಾಯದ ಪ್ರತಿಜ್ಞೆ ಮಾಡುವರೆಂಬ ಸ್ಪರ್ಧೆಯನ್ನು ಅದು ನಡೆಸುತ್ತದೆ. ಊರಿನ ಚರಂಡಿಗೂ ಕಡಲಿಗೂ ಇರುವ ನಂಟನ್ನು ಮಕ್ಕಳಿಗೆ ತಿಳಿಸುವುದೂ ಅದರ ಕಾರ್ಯ. 2010ರಲ್ಲಿ ವಿಶ್ವಸಂಸ್ಥೆಯು ಸಾಗರವನ್ನು ಕುರಿತು ಹೊರಡಿಸಿದ ಅಂಚೆಚೀಟಿಗಳಲ್ಲಿ ಇವರ ಚಿತ್ರಗಳಿವೆ.

ಇವರ ಬಾಳಿನಲ್ಲಿ ಘರ್ಷಣೆಯೂ ಇಲ್ಲದಿಲ್ಲ. ಕ್ಯಾಲಿಫೋರ್ನಿಯದಲ್ಲಿ 1997ರಿಂದ ತಿಮಿಂಗಿಲದ ಬಾಲದ ಚಿತ್ರವುಳ್ಳ ವಿಶೇಷ ನಂಬರ್ ಪ್ಲೇಟುಗಳನ್ನು ಮೋಟಾರು ವಾಹನಗಳಿಗೆ ಮಾರತೊಡಗಿದರು. ಅದರಿಂದ ಬಂದ ಹಣವು ಕಡಲತೀರದ ರಕ್ಷಣೆಗೂ ಶಿಕ್ಷಣಕ್ಕೂ ಒದಗಿತು. ವೈಲ್ಯಾಂಡರು ಆ ಚಿತ್ರವನ್ನು ಹಣ ಪಡೆಯದೆ ಕೊಟ್ಟಿದ್ದರು. 2008ರಲ್ಲಿ ಅವರು ತಮ್ಮ ಪ್ರತಿಷ್ಠಾನಕ್ಕೂ ಒಂದು ಪಾಲನ್ನು ಕೇಳಿದಾಗ ಅಲ್ಲಿನ ಕರಾವಳಿ ಆಯೋಗವು ಒಪ್ಪಲಿಲ್ಲ. ಮುಂದೆ ಬೇರೊಂದು ಚಿತ್ರ ಅದರ ಸ್ಥಾನಕ್ಕೆ ಬಂತು. ಇಬ್ಬರ ಗುರಿಯೂ ಸಮುದ್ರದ ಹಿತವೇ ಆಗಿದ್ದರೂ ಹಣದ ಹಂಚಿಕೆಯಲ್ಲಿ ದಾರಿ ಬೇರೆಯಾಯಿತು. ಸತ್ಕಾರ್ಯಗಳಿಗೂ ಈ ಕಷ್ಟ ತಪ್ಪಿದ್ದಲ್ಲ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ತಿಮಿಂಗಿಲವನ್ನು ಉಳಿಸಿದ್ದು ಚಿತ್ರವೋ ಶಾಸನವೋ? ಶಾಸನವೇ ಎಂದು ಒಪ್ಪಬೇಕು. 1982ರಲ್ಲಿ ಅಂತರರಾಷ್ಟ್ರೀಯ ಆಯೋಗವು ವಾಣಿಜ್ಯಕ್ಕಾಗಿ ತಿಮಿಂಗಿಲ ಬೇಟೆಯಾಡುವುದನ್ನು ನಿಲ್ಲಿಸಲು ನಿರ್ಣಯಿಸಿತು. 1994ರಲ್ಲಿ ಪೂರ್ವ ಪೆಸಿಫಿಕ್ಕಿನ ಬೂದು ತಿಮಿಂಗಿಲದ ಹೆಸರನ್ನು ಅಮೆರಿಕದ ಅಳಿವಿನಂಚಿನ ಜೀವಿಗಳ ಪಟ್ಟಿಯಿಂದ ತೆಗೆಯುವಷ್ಟು ಅದರ ಸಂಖ್ಯೆ ಬೆಳೆದಿತ್ತು. 2016ರಲ್ಲಿ ಅದು ಸುಮಾರು 27,000. ಆದರೆ 2018ರ ಕೊನೆಯಿಂದ ಅವು ಬಡಕಲಾಗಿ ಸತ್ತು ದಡಕ್ಕೆ ಬೀಳತೊಡಗಿದುವು. 2023ರ ವೇಳೆಗೆ ಸಂಖ್ಯೆ ಸುಮಾರು 14,500ಕ್ಕೆ ಇಳಿಯಿತು. ಉತ್ತರಧ್ರುವದ ಕಡಲು ಬದಲಾಗಿ ಅವುಗಳ ಆಹಾರ ಕ್ಷೀಣಿಸಿದ್ದೇ ಮುಖ್ಯ ಕಾರಣವೆಂದು ವಿಜ್ಞಾನಿಗಳು ಹೇಳುತ್ತಾರೆ. ಈಟಿ ಹಿಡಿದ ಬೇಟೆಗಾರನನ್ನು ಕಾನೂನು ತಡೆಯಬಲ್ಲುದು. ಕಾಯುತ್ತಿರುವ ಕಡಲಿಗೆ ಕಾರಣನಾದವನು ಯಾವನೋ ಒಬ್ಬನಲ್ಲ; ದೀಪ ಉರಿಸುವ, ವಾಹನ ಓಡಿಸುವ ನಾವೆಲ್ಲರೂ. ಇಷ್ಟು ಜನರ ನಡತೆಯನ್ನು ಶಾಸನವೊಂದೇ ತಿದ್ದಲಾರದು. ಮನಸ್ಸು ಮೊದಲು ಒಲಿಯಬೇಕು.

ಚಿತ್ರದ ಕೆಲಸ ಪ್ರಾರಂಭವಾಗುವುದು ಅಲ್ಲಿ ಎಂದು ನನ್ನ ಭಾವನೆ. ಚಿತ್ರಶಾಲೆಗೆ ಹೋಗುವವರು ಕೆಲವರು. ಬೀದಿಯಲ್ಲಿ ನಡೆಯುವವರು ಎಲ್ಲರೂ. ಕೆಲಸಕ್ಕೆ ಹೊರಟ ಕೂಲಿಗಾರನೂ ಶಾಲೆಗೆ ಹೊರಟ ಮಗುವೂ ಕಾಸು ಕೊಡದೆ, ಅಪ್ಪಣೆ ಬೇಡದೆ, ಆ ಗೋಡೆಯ ಮುಂದೆ ನಿಂತು ತಮ್ಮ ದೇಹವನ್ನು ತಿಮಿಂಗಿಲದ ಕಣ್ಣಿನೊಡನೆ, ರೆಕ್ಕೆಯೊಡನೆ ಅಳೆದುಕೊಳ್ಳಬಹುದು. ಅಂಕಿಗಳು ಬುದ್ಧಿಗೆ ತಿಳಿಸುವುದನ್ನು ಆ ಅಳತೆ ಮೈಗೆ ತಿಳಿಸುತ್ತದೆ. ಗೋಡೆಯ ಬಣ್ಣ ಬಿಸಿಲುಮಳೆಗೆ ಮಾಸುತ್ತದೆ. ಮಾಸಿದರೆ ಮತ್ತೆ ಬಳಿಯಬಹುದು. ಕಡಲಿನ ತಿಮಿಂಗಿಲ ಅಳಿದರೆ ಮತ್ತೆ ಬರೆಯುವ ಕೈ ಯಾರಿಗೂ ಇಲ್ಲ. ಈ ವ್ಯತ್ಯಾಸವನ್ನು ದಾರಿಹೋಕನೊಬ್ಬನ ಮನಸ್ಸಿಗೆ ಹತ್ತಿಸಿದರೂ ಚಿತ್ರಕಾರನ ಶ್ರಮ ಸಾರ್ಥಕವೇ ಸರಿ.